ಊರಿನ ಹುಟ್ಟುದಿನ ಮತ್ತು ಊರು ಕಟ್ಟಿದವರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಹಿರಿಯರೇ, ಬಂಧುಗಳೇ,

ಸಣ್ಣ ಪಟ್ಟಣವೊಂದು ತನ್ನ ಸ್ಥಾಪನೆಯ ಶತಮಾನೋತ್ಸವವನ್ನೋ ದ್ವಿಶತಮಾನೋತ್ಸವವನ್ನೋ ಆಚರಿಸಲು ಹೊರಟಾಗ ಮೊದಲು ಎದುರಾಗುವ ಪ್ರಶ್ನೆ, ಆ ಊರು ಹುಟ್ಟಿದ್ದು ಯಾವಾಗ ಎಂಬುದು. ಮಗುವಿಗಿರುವಂತೆ ಊರಿಗೆ ಜನನಪತ್ರ ಇರುವುದಿಲ್ಲ. ಸ್ಥಾಪನೆಯ ದಿನವೆಂದು ನಾವು ಹಿಡಿಯುವುದು ಬಹುಮಟ್ಟಿಗೆ ಆ ಊರಿನ ಹೆಸರು ಯಾವುದೋ ಬರಹದಲ್ಲಿ ಮೊದಲ ಸಲ ಕಾಣಿಸಿಕೊಂಡ ದಿನವನ್ನು.

ಮಾಸ್ಕೋ ನಗರ 1947ರಲ್ಲಿ ತನ್ನ ಎಂಟುನೂರನೆಯ ವರ್ಷವನ್ನು ಆಚರಿಸಿತು. ಅರಸ ಯೂರಿ ದೊಲ್ಗೊರೂಕಿ 1147ರಲ್ಲಿ ತನ್ನ ಮಿತ್ರನೊಬ್ಬನನ್ನು ಮಾಸ್ಕೋಗೆ ಕರೆಸಿಕೊಂಡು ಔತಣವಿತ್ತನೆಂಬ ಹಳೆಯ ವೃತ್ತಾಂತದ ಸಾಲೇ ಅದಕ್ಕೆ ಆಧಾರ. ಅತಿಥಿಯನ್ನು ಕರೆಯುವಷ್ಟರಲ್ಲಿ ಅಲ್ಲಿ ಮನೆಗಳೂ ಒಲೆಗಳೂ ದುಡಿಯುವ ಕೈಗಳೂ ಇದ್ದಿರಲೇಬೇಕಲ್ಲವೇ? ಬರ್ಲಿನ್ ನೆಚ್ಚಿಕೊಂಡಿರುವುದು 1237ರ ಅಕ್ಟೋಬರ್ 28ರ ಪತ್ರವೊಂದನ್ನು. ಅದರಲ್ಲಿ ಬರ್ಲಿನ್ನಿನ ಜೋಡಿ ಪಟ್ಟಣವಾಗಿದ್ದ ಕೋಲ್ನ್‌ನ ಪಾದ್ರಿ ಸಿಮಿಯೋನನ ಹೆಸರು ಸಾಕ್ಷಿಯಾಗಿ ಬರುತ್ತದೆ, ಅಷ್ಟೆ. ಬೆಂಗಳೂರಿನ ಕೋಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುತ್ತೇವೆ. ಆದರೆ ಸುಮಾರು ಕ್ರಿ.ಶ. 900ರ ಬೇಗೂರಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಆಗಲೇ ಇದೆ.

ಹಾಗೆಂದು ದಿನವೊಂದನ್ನು ಗೊತ್ತುಮಾಡಿ ಉತ್ಸವ ನಡೆಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಊರಿನವರೆಲ್ಲ ಒಂದೆಡೆ ಸೇರಲು ಒಂದು ದಿನ ಬೇಕೇ ಬೇಕು. ಆದರೆ ಆ ದಿನದ ಹಿಂದಿರುವ ದಾಖಲೆ ಯಾವುದೆಂಬುದನ್ನು ಆಮಂತ್ರಣ ಪತ್ರಿಕೆಯಲ್ಲಿಯೇ ತಿಳಿಸುವುದು ಪ್ರಾಮಾಣಿಕವಾದ ನಡೆ. ಆ ದಾಖಲೆಯಲ್ಲಿ ಹೆಸರಿದ್ದ ಒಬ್ಬನಿಗಷ್ಟೇ ಊರಿನ ಕೀರ್ತಿಯನ್ನೆಲ್ಲ ಒಪ್ಪಿಸಿಬಿಡುವುದು ಮಾತ್ರ ನ್ಯಾಯವಲ್ಲವೆಂದು ನನ್ನ ದೃಢವಾದ ನಂಬಿಕೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕ್ 1690ರ ಆಗಸ್ಟ್ 24ರಂದು ಬಂದಿಳಿದದ್ದನ್ನೇ ಕೋಲ್ಕತ್ತದ ಜನ್ಮದಿನವೆಂದು ಬಹುಕಾಲ ಎಣಿಸಲಾಗುತ್ತಿತ್ತು. ಇತಿಹಾಸಕಾರರ ಸಮಿತಿಯ ವರದಿಯನ್ನು ಪರಿಶೀಲಿಸಿದ ಅಲ್ಲಿನ ಹೈಕೋರ್ಟು, ಚಾರ್ನಾಕ್ ಆ ನಗರದ ಸ್ಥಾಪಕನಲ್ಲ, ನಗರಕ್ಕೆ ಇಂಥದೇ ಎಂಬ ಜನ್ಮದಿನವೂ ಇಲ್ಲ ಎಂದು 2003ರಲ್ಲಿ ತೀರ್ಮಾನಿಸಿತು.

ಇದಕ್ಕಿಂತ ಕಠಿಣವಾದ ಸಂದರ್ಭವೂ ಇದೆ. ಅಮೆರಿಕದ ಜೇಮ್ಸ್‌ಟೌನ್ 1607ರ ಮೇ ತಿಂಗಳಲ್ಲಿ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಇಂಗ್ಲಿಷ್ ಗಂಡಸರೂ ಹುಡುಗರೂ ನೆಲೆಯೂರಿದ ಸಣ್ಣ ಜಾಗ. ಆ ನೆಲ ಪೌಹಾಟನ್ ಎಂಬ ಮೂಲನಿವಾಸಿ ಜನರದ್ದಾಗಿತ್ತು. 2007ರಲ್ಲಿ ನಾನೂರನೆಯ ವರ್ಷ ಬಂದಾಗ, ಮೂಲನಿವಾಸಿಗಳಿಗೆ ಅದು ನೆಲವನ್ನೂ ಪ್ರಾಣಗಳನ್ನೂ ಕಳೆದುಕೊಂಡ ಕಥೆಯ ಆರಂಭವಾಗಿದ್ದುದರಿಂದ, ಆಯೋಜಕರು ಸಂಭ್ರಮಾಚರಣೆಯೆನ್ನದೆ ಸ್ಮರಣೆಯೆಂದೇ ಕರೆದು, ಅವರ ಪ್ರತಿನಿಧಿಗಳನ್ನೂ ಜೊತೆಗೆ ಸೇರಿಸಿಕೊಂಡರು. ಸ್ಥಾಪನೆಯೆಂಬುದು ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಉತ್ಸವ ಸಮಿತಿಯೊಂದು ಮೊದಲೇ ಕೇಳಿಕೊಂಡರೆ ಎಂಥ ಗಾಂಭೀರ್ಯ ಬರುತ್ತದೆಂಬುದಕ್ಕೆ ಇದು ನಿದರ್ಶನ.

ಸಣ್ಣ ಪಟ್ಟಣಕ್ಕೆ ಇಲ್ಲಿ ದೊಡ್ಡ ನಗರಕ್ಕಿಲ್ಲದ ಅನುಕೂಲವಿದೆ. ಅದರ ಕಥೆಯ ಬಹುಭಾಗ ಇನ್ನೂ ಕೈಗೆ ಸಿಗುವಷ್ಟು ಹತ್ತಿರದಲ್ಲಿರುತ್ತದೆ. ಕಂದಾಯದ ದಫ್ತರಗಳು, ಸರ್ವೇ ನಕ್ಷೆಗಳು, ಶಾಲೆಯ ದಾಖಲಾತಿ ಪುಸ್ತಕಗಳು, ಆರಾಧನಾಲಯಗಳ ಲೆಕ್ಕಪತ್ರಗಳು, ಮನೆಮನೆಯ ಪೆಟ್ಟಿಗೆಗಳಲ್ಲಿರುವ ಕಾಗದ ಮತ್ತು ಭಾವಚಿತ್ರಗಳು, ಎಲ್ಲಕ್ಕಿಂತ ಮಿಗಿಲಾಗಿ ಎಂಬತ್ತು ದಾಟಿದ ಹಿರಿಯರ ನೆನಪು. ಬಾವಿ ತೋಡಿದವರು, ಚರಂಡಿ ಅಗೆದವರು, ಸೂಲಗಿತ್ತಿಯರು, ಶಾಲೆಯ ಮೊದಲ ಉಪಾಧ್ಯಾಯರು, ಬರಗಾಲದಲ್ಲಿ ಬೇರೆಡೆಯಿಂದ ಬಂದು ನೆಲೆಸಿದವರು ಶಿಲಾಫಲಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರ ಹೆಸರು ಉಳಿದಿರುವುದು ಈ ನೆನಪಿನಲ್ಲಿ ಮಾತ್ರ. ಆದ್ದರಿಂದ ಮೆರವಣಿಗೆಗೆ ತೆಗೆದಿರಿಸುವ ಹಣದಲ್ಲಿ ಒಂದು ಪಾಲನ್ನು ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಲು, ಹಳೆಯ ಕಾಗದಪತ್ರಗಳ ಪ್ರತಿ ತೆಗೆಸಲು ಮೀಸಲಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಈ ಕೆಲಸ ಉತ್ಸವಕ್ಕೆ ಎರಡು ವರ್ಷ ಮೊದಲೇ ಆರಂಭವಾಗಬೇಕು; ಸ್ಮರಣ ಸಂಚಿಕೆ ಅದರಿಂದ ಹುಟ್ಟಬೇಕೇ ಹೊರತು ಬರಿಯ ಶುಭಾಶಯಗಳಿಂದಲ್ಲ. ಸಂಗ್ರಹವಾದುದೆಲ್ಲದರ ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿಯೂ ಇನ್ನೊಂದು ಪ್ರತಿ ಊರಿನ ಹೊರಗೆ, ಸರ್ಕಾರದ ಪತ್ರಾಗಾರದಲ್ಲಿಯೂ ಸೇರಲಿ.