ಗಾಯಕ್ಕೆ ಮೊದಲೇ ನಿಗದಿಯಾಗುವ ಪರಿಹಾರ

ಮಾನ್ಯರೇ, ಕಾರ್ಮಿಕ ಚಳವಳಿಯಲ್ಲಿ ವರ್ಷಗಟ್ಟಲೆ ದುಡಿದವರು ಈ ಸಭೆಯಲ್ಲಿದ್ದೀರಿ. ಆದ್ದರಿಂದ ಕೆಲಸದಲ್ಲಿ ಗಾಯಗೊಂಡವರಿಗೆ ಹಣ ಕೊಡಿಸುವ ಪರಿಹಾರ ಕಾನೂನಿನ ಕಲಮುಗಳನ್ನು ಒಂದೊಂದಾಗಿ ವಿವರಿಸಲು ಹೋಗುವುದಿಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು: ಪರಿಹಾರ ದಾನವಲ್ಲ, ಒಪ್ಪಂದ. ಮಾಲೀಕನ ತಪ್ಪನ್ನು ಸಾಬೀತು ಮಾಡುವ ಹೊರೆ ಕಾರ್ಮಿಕನ ಹೆಗಲಿನಿಂದ ಇಳಿಯಿತು. ಅದಕ್ಕೆ ಪ್ರತಿಯಾಗಿ, ಪೂರ್ತಿ ನಷ್ಟಕ್ಕಾಗಿ ದಾವೆ ಹೂಡುವ ಹಕ್ಕನ್ನು ಅನೇಕ ಕಡೆ ಅವನು ಬಿಟ್ಟುಕೊಟ್ಟ.

ಈ ಒಪ್ಪಂದ ಹುಟ್ಟಿದ್ದೇ ರಾಜಕೀಯದ ಒತ್ತಡದಲ್ಲಿ. ಜರ್ಮನಿಯಲ್ಲಿ ಚಾನ್ಸೆಲರ್ ಬಿಸ್ಮಾರ್ಕ್ 1884ರಲ್ಲಿ ಅಪಘಾತ ವಿಮೆ ತಂದುದರ ಹಿಂದೆ, ಸಮಾಜವಾದಿಗಳತ್ತ ವಾಲುತ್ತಿದ್ದ ಕಾರ್ಮಿಕರನ್ನು ಪ್ರಭುತ್ವದ ಕಡೆಗೆ ಸೆಳೆಯುವ ಲೆಕ್ಕವೂ ಇತ್ತು. ಆದರೆ ನ್ಯೂಯಾರ್ಕಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಲ್ಲಿನ ಶಾಸಕಾಂಗ 1910ರಲ್ಲಿ ಅಪಾಯಕರ ಉದ್ಯೋಗಗಳಿಗೆ ಕಡ್ಡಾಯ ಪರಿಹಾರದ ಕಾನೂನು ಮಾಡಿತ್ತು. ತಪ್ಪೆಸಗದ ಮಾಲೀಕನಿಂದ ಹಣ ಕೊಡಿಸುವುದೆಂದರೆ ಅವನ ಆಸ್ತಿಯನ್ನು ಕಸಿದುಕೊಂಡಂತೆ ಎಂದು ಹೇಳಿ, ರಾಜ್ಯದ ಅತ್ಯುನ್ನತ ನ್ಯಾಯಾಲಯ 1911ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು. ಮರುದಿನ, ಶನಿವಾರ ಸಂಜೆ, ಮ್ಯಾನ್‌ಹ್ಯಾಟನ್ನಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಅಗ್ನಿಶಾಮಕ ದಳದ ಏಣಿ ಆ ಎತ್ತರಕ್ಕೆ ಎಟುಕಲಿಲ್ಲ. ಸತ್ತವರು 146 ಜನ, ಹೆಚ್ಚಿನವರು ವಲಸೆ ಬಂದ ಹರೆಯದ ಹೆಣ್ಣುಮಕ್ಕಳು. ಮಳೆಯಲ್ಲಿ ನೆನೆಯುತ್ತ ಶೋಕ ಮೆರವಣಿಗೆಯಲ್ಲಿ ನಡೆದ ಜನಸಾಗರವನ್ನು ಕಡೆಗಣಿಸುವ ಧೈರ್ಯ ರಾಜಕಾರಣಿಗಳಿಗೆ ಉಳಿಯಲಿಲ್ಲ. 1913ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಲಾಯಿತು, ಮರುವರ್ಷ ಹೊಸ ಕಾನೂನು ಜಾರಿಗೆ ಬಂದಿತು.

ಇನ್ನು ಆರ್ಥಿಕತೆಯ ವಿಷಯ. ಬೇಡಿಕೆ ಏರಿದಾಗ ಅನುಭವವಿಲ್ಲದ ಕೈಗಳು ಹೆಚ್ಚುವರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಲ್ಲುತ್ತವೆ, ಗಾಯಗಳು ಹೆಚ್ಚುತ್ತವೆ. ಮಾರುಕಟ್ಟೆ ಕುಸಿದಾಗ ದಾಖಲಾಗುವ ಗಾಯಗಳು ಕಡಿಮೆಯಾಗುತ್ತವೆ. ಅದಕ್ಕೆ ಕೆಲಸ ಹೋದೀತೆಂಬ ಭಯವೂ ಒಂದು ಕಾರಣ. ಲೋಹವನ್ನು ಒತ್ತಿ ರೂಪಿಸುವ ಪವರ್ ಪ್ರೆಸ್ ಯಂತ್ರದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ ಕೆಲಸಗಾರನೊಬ್ಬನನ್ನು ನಾನು ಕಂಡಿದ್ದೇನೆ. ಆರ್ಡರುಗಳು ಇಳಿದಿದ್ದ ತಿಂಗಳದು. ಮನೆಯಲ್ಲಿ ಬಾಗಿಲಿಗೆ ಸಿಕ್ಕಿ ಆದ ಗಾಯವೆಂದು ಅವನು ಆಸ್ಪತ್ರೆಯಲ್ಲಿ ಬರೆಸಿದ್ದ. ತಿಂಗಳುಗಳ ನಂತರ ನಿಜ ಹೇಳಿದಾಗ ಅರ್ಜಿ ತುಂಬಿದವಳು ಅವನ ಹೆಂಡತಿ. ಪೆನ್ನು ಹಿಡಿಯುವ ಬೆರಳುಗಳೇ ಅವನಿಗಿರಲಿಲ್ಲ. ಆಸ್ಪತ್ರೆಯ ಚೀಟಿಯನ್ನೇ ಅವನ ವಿರುದ್ಧ ಸಾಕ್ಷಿಯಾಗಿ ಮುಂದಿಟ್ಟರು. ಹಿಂದಿನ ಪರಿಹಾರಗಳ ಲೆಕ್ಕ ನೋಡಿ ಮಾಲೀಕ ಕಟ್ಟಬೇಕಾದ ವಿಮಾಕಂತು ನಿಗದಿಯಾಗುವ ಕಡೆ, ಗಾಯವನ್ನು ಮುಚ್ಚಿಡುವುದರಲ್ಲಿ ಮಾಲೀಕನಿಗೂ ಲಾಭವಿದೆ.

ವಿಮಾಕಂತು ಏರಿದಾಗ, ಉದ್ಯಮ ಬೇರೆಡೆಗೆ ಹೋದೀತು ಎಂಬ ಬೆದರಿಕೆ ಶಾಸಕರ ಕಿವಿಗೆ ಬೇಗ ಮುಟ್ಟುತ್ತದೆ. ಆಗ ಪರಿಹಾರಕ್ಕೆ ಕತ್ತರಿ ಬೀಳುತ್ತದೆ. ಒಪ್ಪಂದದ ಒಂದು ಬದಿ ಸವೆಯುತ್ತದೆ. ಕಾರ್ಮಿಕ ಬಿಟ್ಟುಕೊಟ್ಟ ಹಕ್ಕು ಮಾತ್ರ ಅವನಿಗೆ ಮರಳುವುದಿಲ್ಲ. ಹೀಗಿರುವಾಗ ಅದನ್ನು ಒಪ್ಪಂದವೆನ್ನುವುದು ಹೇಗೆ?

ಸಮಯ ಮುಗಿಯಿತೆಂದು ಅಧ್ಯಕ್ಷರು ಸೂಚಿಸಿದ್ದಾರೆ. ಕಲ್ಲಿನ ದೂಳು ಶ್ವಾಸಕೋಶ ಸೇರಿ ವರ್ಷಗಳ ನಂತರ ಕಾಣಿಸಿಕೊಳ್ಳುವ ಸಿಲಿಕೋಸಿಸ್‌ನಂಥ ಕಾಯಿಲೆಗಳನ್ನೂ, ‘ನೌಕರ’ ಎಂಬ ವ್ಯಾಖ್ಯೆಯ ಹೊರಗುಳಿದ ಡೆಲಿವರಿ ಕೆಲಸಗಾರರನ್ನೂ ಹೆಸರಿಸಲು ಮಾತ್ರ ಈಗ ಸಾಧ್ಯ. ಪರಿಹಾರದ ಮೊತ್ತವನ್ನು ಬೆಲೆ ಸೂಚ್ಯಂಕಕ್ಕೆ ಕಾನೂನಿನಲ್ಲೇ ಜೋಡಿಸಬೇಕು, ಪ್ರತಿ ಸರ್ಕಾರದ ಮರ್ಜಿಗೆ ಬಿಡಬಾರದು ಎಂಬ ಬೇಡಿಕೆಯನ್ನು ಈ ಸಭೆ ಇಂದೇ ಚರ್ಚೆಗೆ ಎತ್ತಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.