ಹಿರಿಯರು ತಿನ್ನದ ಖಾರ

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಅಜ್ಜನ ತಿಥಿ ದಿನ ಬೆಳಿಗ್ಗೆ ಎದ್ದು ಮೊದಲು ಮಾಡೋ ಕೆಲ್ಸ ಅಂದ್ರೆ ಮೆಣಸಿನಕಾಯಿ ಡಬ್ಬ ಎತ್ತಿ ಅಟ್ಟಕ್ಕಿಡೋದು. ಆಲೂಗಡ್ಡೆ, ಟೊಮೇಟೊ ಕೂಡ ಅವತ್ತು ಒಲೆ ಹತ್ರ ಸುಳಿಯೋ ಹಾಗಿಲ್ಲ. ಅತ್ತೆ ಮಡಿ ಉಟ್ಕೊಂಡು ಕೂತು ಕಾಳುಮೆಣಸು ಕುಟ್ಟೋರು, ಹಾಗಲಕಾಯಿ, ಬಾಳೆಕಾಯಿ, ಗೋರಿಕಾಯಿ ಎಲ್ಲದಕ್ಕೂ ಅದೇ ಖಾರ. ಆ ಸಾರು ನಾಲಿಗೆ ಮೇಲಿದ್ದಾಗ ಅಷ್ಟೇನೂ ಅನ್ಸಲ್ಲ, ನುಂಗಿದ್ಮೇಲೆ ಗಂಟಲಲ್ಲಿ ನಿಧಾನಕ್ಕೆ ಬಿಸಿ ಏರುತ್ತೆ. ಯಾಕತ್ತೆ ಮೆಣಸಿನಕಾಯಿ ಹಾಕಲ್ಲ ಅಂತ ಕೇಳಿದ್ರೆ "ಹಿರಿಯರು ತಿಂದಿದ್ದಲ್ಲ ಕಣೋ ಅದು" ಅನ್ನೋರು.

ಎಷ್ಟು ನಿಜ ನೋಡಿ ಆ ಮಾತು! ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಅಂತ ಒಂದು ಗ್ರಂಥ ಬರೆಸಿದಾನಲ್ಲ, ಅದ್ರಲ್ಲಿ ಅಡುಗೆಗೇ ಅಂತ ಒಂದು ಭಾಗ ಇದೆ, ಮೆಣಸು, ಶುಂಠಿ, ಜೀರಿಗೆ, ಇಂಗು ಎಲ್ಲ ಬರುತ್ತೆ, ಮೆಣಸಿನಕಾಯಿ ಮಾತ್ರ ಇಲ್ಲ. ಇರೋದಾದ್ರೂ ಹೇಗೆ, ಆಗ ಅದು ಸಮುದ್ರದಾಚೆ ಅಮೆರಿಕ ಖಂಡದಲ್ಲಿ ಬೆಳೀತಿತ್ತು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ್ರು, 1510ರಲ್ಲಿ ಗೋವಾ ಹಿಡಿದ್ರು, ಅವ್ರ ಹಡಗುಗಳ ಓಡಾಟದಲ್ಲೇ ಈ ಕಾಯಿ ನಮ್ಮ ಕರಾವಳಿಗೆ ಇಳೀತು. ಅವ್ರು ಬಂದಿದ್ದು ಕಾಳುಮೆಣಸಿಗಾಗಿ, ಗೇರುಸೊಪ್ಪೆ ರಾಣಿ ಚೆನ್ನಭೈರಾದೇವೀನ ಮೆಣಸಿನ ರಾಣಿ ಅಂತಾನೇ ಕರೆದೋರು ಅವ್ರು. ಆ ಮೆಣಸನ್ನ ನಮ್ಮ ಅಡುಗೆಮನೆಯಿಂದ ಹಿಂದಕ್ಕೆ ಸರಿಸೋ ಕಾಯೀನೂ ಅವ್ರೇ ತಂದ್ರಲ್ಲ ಅಂತ ನಂಗೆ ಈಗ್ಲೂ ಆಶ್ಚರ್ಯ ಆಗುತ್ತೆ.

ಮೆಣಸಿನಕಾಯಿ ಗೆದ್ದಿದ್ದು ಯಾಕೆ ಅಂದ್ರೆ, ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬೋಕೆ ಮರ ಬೇಕು, ನೆಟ್ಟು ಮೂರು ವರ್ಷನಾದ್ರೂ ಕಾಯ್ಬೇಕು, ಬೆಳೆದಿದ್ದೂ ದುಡ್ಡಾಗಿ ಹಡಗು ಹತ್ತಿ ಹೋಗ್ತಿತ್ತು. ಮೆಣಸಿನಕಾಯಿ ಹಾಗಲ್ಲ, ಬಯಲುಸೀಮೆ ಒಣ ಭೂಮೀಲೂ ಬರುತ್ತೆ, ಹಿತ್ತಲಲ್ಲಿ ನಾಕು ಬೀಜ ಉದುರಿಸಿದ್ರೆ ಕೆಲವೇ ತಿಂಗಳಲ್ಲಿ ಕಾಯಿ, ಒಣಗಿಸಿಟ್ರೆ ವರ್ಷವಿಡೀ ಖರ್ಚಿಗಾಯ್ತು. ಬಡವರ ರೊಟ್ಟಿ ಜೊತೆಗೆ, ಮುದ್ದೆ ಜೊತೆಗೆ ಖಾರ ಅಂತ ಕೈಗೆಟುಕಿದ್ದು ಇದ್ರಿಂದ, ನನ್ನ ಪ್ರಕಾರ ಇದೇ ದೊಡ್ಡ ವಿಷ್ಯ.

ಹೊಸ ಕಾಯಿಗೆ ಹಳೇ ಹೆಸರನ್ನೇ ಕೊಟ್ವಿ. ಮೆಣಸಿನ ಹಾಗೆ ಖಾರ ಇರೋ ಕಾಯಿ, ಮೆಣಸಿನಕಾಯಿ. ಆಮೇಲೆ ನಿಜವಾದ ಮೆಣಸನ್ನ ಬೇರೆ ಮಾಡಿ ತೋರ್ಸೋಕೆ ಕಾಳುಮೆಣಸು, ಕರಿಮೆಣಸು ಅನ್ಬೇಕಾಯ್ತು, ಕುಂದಾಪುರ ಮಂಗಳೂರು ಕಡೆಯವ್ರು ಅದನ್ನ ಒಳ್ಳೆಮೆಣಸು ಅಂತಾರೆ, ಎಷ್ಟು ಚೆಂದ ಅಲ್ವಾ? ಪರಂಗಿಹಣ್ಣಿನ ಹೆಸರಲ್ಲೂ ಪರಂಗಿಯವ್ರು, ಅಂದ್ರೆ ಯುರೋಪಿನವ್ರು, ಇನ್ನೂ ಕೂತಿದಾರೆ.

ಇವತ್ತು ಬ್ಯಾಡಗಿ ಮೆಣಸಿನಕಾಯಿ ಇಲ್ದೆ ಹುಳಿಪುಡಿ ಆಗುತ್ತಾ ಹೇಳಿ? ಹಾವೇರಿ ಜಿಲ್ಲೆ ಬ್ಯಾಡಗಿ ಮಾರ್ಕೆಟ್ಟಲ್ಲಿ ಸೀಸನ್ ಬಂದ್ರೆ ರಾಶಿ ರಾಶಿ ಕೆಂಪು, ಸುಕ್ಕು ಸುಕ್ಕಾದ ಕಾಯಿ, ಬಣ್ಣ ಜಾಸ್ತಿ ಖಾರ ಕಮ್ಮಿ, 2011ರಲ್ಲಿ ಇದು ಈ ಸೀಮೇದೇ ಅನ್ನೋ ಗುರುತು, ಜಿಐ ಟ್ಯಾಗ್ ಕೂಡ ಸಿಕ್ತು. ದೂರದಿಂದ ಬಂದಿದ್ದು ಈಗ ನಮ್ಮ ಊರಿನ ಹೆಸರು ಇಟ್ಕೊಂಡು ಹೊರಗಡೆ ಹೋಗುತ್ತೆ.

ಆದ್ರೂ ತಿಥಿ ಊಟದಲ್ಲಿ ಅದಕ್ಕೆ ಜಾಗ ಸಿಗ್ಲಿಲ್ಲ, ಬಾಣಂತಿ ಊಟದಲ್ಲೂ ಸಿಗ್ಲಿಲ್ಲ. ಹುಟ್ಟು ಸಾವು ಎರಡರಲ್ಲೂ ನಮ್ಮ ಒಲೆ ಐನೂರು ವರ್ಷ ಹಿಂದಕ್ಕೆ ಹೋಗ್ಬಿಡುತ್ತೆ. ಹೋದ ತಿಂಗ್ಳು ತಂಗಿಗೆ ಮಗು ಆಯ್ತು, ದಿನಾ ಅವ್ಳಿಗೆ ಮೆಣಸಿನ ಸಾರು, ಬೆಳ್ಳುಳ್ಳಿ, ಜೀರಿಗೆ, ಮೇಲೆ ಒಂದು ಸೌಟು ತುಪ್ಪ. ಮೊನ್ನೆ ಅವ್ಳು "ಒಗ್ಗರಣೆಗೆ ಒಂದೇ ಒಂದು ಮೆಣಸಿನಕಾಯಿ ಮುರಿದು ಹಾಕತ್ತೆ" ಅಂತ ಗೋಗರೆದ್ಲು. ಅತ್ತೆ "ಮೂರು ತಿಂಗ್ಳಾಗ್ಲಿ ತಾಯಿ" ಅಂದು ಕುಟ್ಟಾಣಿಗೆ ಇನ್ನೊಂದು ಹಿಡಿ ಮೆಣಸು ಹಾಕಿದ್ರು.