ಡ್ರಾಪ್ ಸಿ, ಡೊಳ್ಳು, ಮಲೆನಾಡ ಮಳೆ: ಬ್ಯಾಂಡ್ ಸೌಂಡ್ ಬದಲಾಯಿಸೋದು ಹೇಗೆ?

ಹೊಸ ಆಲ್ಬಂಗೆ ಸೌಂಡ್ ಬದಲಾಯಿಸೋಣ ಅಂತ ತೀರ್ಮಾನ ಆದ ತಕ್ಷಣ ಬ್ಯಾಂಡ್ ಹುಡುಗರು ಮೊದಲು ತಗೊಳ್ಳೋದು ಗಿಟಾರ್ ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್. ಆ ದುಡ್ಡಿಗೆ ದಪ್ಪ ತಂತಿ ತಗೊಳ್ಳಿ.

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳಿದವರಿಗೆ ಗೊತ್ತು. 1988ರ ಆಲ್ಬಂನಲ್ಲಿ ಹಾಡು ಉದ್ದ, ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಮೇಲೆ ರಿಫ್, ಬೇಸ್ ಗಿಟಾರ್ ಅಂತೂ ಹುಡುಕಿದ್ರೂ ಸಿಗಲ್ಲ. 1991ಕ್ಕೆ ಬಾಬ್ ರಾಕ್ ಪ್ರೊಡ್ಯೂಸರ್ ಆಗಿ ಬಂದ್ರು. ಹಾಡು ಗಿಡ್ಡ ಆಯ್ತು, ವೇಗ ಇಳೀತು, ಬೇಸ್ ಮುಂದೆ ಬಂತು. ಆ ಆಲ್ಬಂ ಸೌಂಡ್ ಅಷ್ಟು ಭಾರ ಅನ್ಸೋಕೆ ಅದೇ ಕಾರಣ ಅನ್ನೋದು ನಮ್ಮ ಲೆಕ್ಕ.

ಈಗ ಶಿವಮೊಗ್ಗದ ಬ್ಯಾಂಡ್ ಒಂದು ಗಿಟಾರನ್ನ ಡ್ರಾಪ್ ಸಿಗೆ, ಅಂದ್ರೆ ಅತಿ ದಪ್ಪ ತಂತಿ 'ಸಿ' ಸ್ವರಕ್ಕೆ ಬರೋ ಟ್ಯೂನಿಂಗ್‌ಗೆ ಇಳಿಸಿ, ಜೊತೆಗೆ ಡೊಳ್ಳು ಸೇರಿಸುತ್ತೆ ಅಂದ್ಕೊಳ್ಳಿ. ಆರನೇ ತಂತಿ ಸುಮಾರು 82 ಹರ್ಟ್ಸ್‌ನಿಂದ 65ಕ್ಕೆ ಇಳಿಯುತ್ತೆ. ಹಳೇ 46ರ (ಇಂಚಿನ ಸಾವಿರದ 46 ಪಾಲು ದಪ್ಪದ) ತಂತಿಯನ್ನೇ ಇಟ್ಕೊಂಡ್ರೆ ಎಳೆತ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಮ್ಮಿ ಆಗುತ್ತೆ. ಟ್ಯೂನರ್ ಹಾಕಿ ನೋಡಿ: ಜೋರಾಗಿ ಮೀಟಿದ ಕ್ಷಣಕ್ಕೆ ಮುಳ್ಳು ಮೇಲಕ್ಕೆ ಹಾರಿ, ಆಮೇಲೆ ನಿಧಾನಕ್ಕೆ ಸಿಗೆ ಬರುತ್ತೆ. ರೆಕಾರ್ಡಿಂಗ್‌ನಲ್ಲಿ ಪ್ರತಿ ರಿಫ್ ಅಪಶ್ರುತಿ ಅನ್ಸೋದು ಇದಕ್ಕೇ. 56 ಅಥವಾ 58ರ ತಂತಿ ಹಾಕಿದ್ರೆ ಹಳೇ ಬಿಗಿ ವಾಪಸ್ ಬರುತ್ತೆ.

ಆದ್ರೆ ದಪ್ಪ ತಂತಿ ನಟ್‌ನ (ನೆಕ್‌ನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಹಳೇ ಕಚ್ಚಿನಲ್ಲಿ ಕೂರಲ್ಲ. ಟ್ಯೂನ್ ಮಾಡುವಾಗ 'ಟಿಣ್' ಅಂತ ಸದ್ದು ಬಂದ್ರೆ ತಂತಿ ಅಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಅರ್ಥ. ಕಚ್ಚನ್ನ ಅಗಲ ಮಾತ್ರ ಮಾಡಿಸಿ. ಆಳ ಆದ್ರೆ ತಂತಿ ಫ್ರೆಟ್‌ಗೆ ಬಡಿಯುತ್ತೆ. ಆಮೇಲೆ ನೆಕ್ ಬಾಗಿದೆಯಾ ನೋಡಿ. ಅದನ್ನ ಸರಿಮಾಡೋ ಒಳಗಿನ ಸರಳು, ಅಂದ್ರೆ ಟ್ರಸ್ ರಾಡ್ ತಿರುಗಿಸೋದಿದ್ರೆ ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಕೊನೆಗೆ 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನ ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಮತ್ತೆ ಒತ್ತಿದ ಸ್ವರ ಎರಡನ್ನೂ ಹೋಲಿಸಿ. ಒತ್ತಿದ್ದು ಏರಿದ್ರೆ ಬ್ರಿಡ್ಜ್‌ನಲ್ಲಿ ತಂತಿ ಕೂರೋ ಸ್ಯಾಡಲನ್ನ ಹಿಂದಕ್ಕೆ ಸರಿಸಿ.

ಗೇನ್ (ಡಿಸ್ಟಾರ್ಷನ್ ಪ್ರಮಾಣ) ಹಳೇ ಆಲ್ಬಂಗಿಂತ ಕಮ್ಮಿ ಇರಲಿ. ಒಂದೇ ರಿಫ್ ಎರಡು ಸಲ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಇಡಿ. ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಇಟ್ರೆ ಅಗಲ ಬರಲ್ಲ, ಸದ್ದು ಮಾತ್ರ ಜೋರಾಗುತ್ತೆ. ಗಿಟಾರಿನಲ್ಲಿ 80 ಹರ್ಟ್ಸ್ ಕೆಳಗಿನದನ್ನ ಕತ್ತರಿಸಿ ಬೇಸ್‌ಗೆ ಬಿಟ್ಟುಕೊಡಿ. ಬೇಸ್‌ನ ಕೆಳಗಿನ ಸಿ ಸುಮಾರು 33 ಹರ್ಟ್ಸ್, ಮೊಬೈಲ್ ಸ್ಪೀಕರ್‌ನಲ್ಲಿ ಅದು ಕೇಳೋದೇ ಇಲ್ಲ. ಬೇಸ್‌ಗೆ ಸ್ವಲ್ಪ ಓವರ್‌ಡ್ರೈವ್ (ಹದವಾದ ಡಿಸ್ಟಾರ್ಷನ್) ಬೆರೆಸಿದ್ರೆ ಆ ಸ್ವರದ ಮೇಲಿನ ಕಂಪನಗಳು ಕೇಳಿ, ಸ್ವರ ಕಿವಿಗೆ ಸಿಗುತ್ತೆ.

ಡೊಳ್ಳಿನ ವಿಷಯಕ್ಕೆ ಬರೋಣ, ಎಲ್ಲರೂ ಎಡವೋದು ಇಲ್ಲೇ. ಡೊಳ್ಳು, ಕಿಕ್ ಡ್ರಮ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್), ಬೇಸ್ ಮೂರೂ ಕೆಳಗಿನ ಸದ್ದಿನ ಒಂದೇ ಜಾಗಕ್ಕೆ ನುಗ್ಗುತ್ವೆ. ಡೊಳ್ಳು ಇರೋ ಕಡೆ ಕಿಕ್ಕನ್ನ ಒಂದನೇ ಪೆಟ್ಟಿಗೆ ಮಾತ್ರ ಇಡಿ, ಇಲ್ಲವೇ ಪೂರ್ತಿ ತೆಗೀರಿ. ಡ್ರಮ್ಮರ್‌ಗೆ ಬೇಜಾರಾಗುತ್ತೆ, ಆಗಲಿ. ಎರಡು ಮೈಕ್ ಇಡಿ: ಕೋಲಿನ ಕಡೆಗೊಂದು, ಕೈ ಕಡೆಗೊಂದು. ಒಂದು ಚರ್ಮ ಒಳಗೆ ಹೋದಾಗ ಇನ್ನೊಂದು ಹೊರಗೆ ಉಬ್ಬುತ್ತೆ, ಹಾಗಾಗಿ ಎರಡನ್ನೂ ಕೂಡಿಸಿದ್ರೆ ಗುಮ್ ಅನ್ನೋ ಭಾಗವೇ ಮಾಯ. ಒಂದು ಮೈಕ್‌ನ ಪೋಲಾರಿಟಿ ತಿರುಗಿಸಿ (ಅದರ ಸಿಗ್ನಲನ್ನ ತಲೆಕೆಳಗು ಮಾಡಿ) ಕೇಳಿ, ಯಾವುದು ತುಂಬಿ ಬರುತ್ತೋ ಅದನ್ನ ಇಟ್ಕೊಳ್ಳಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಅಷ್ಟಿಲ್ಲದಿದ್ರೂ ತೀರ್ಥಹಳ್ಳಿ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಡೊಳ್ಳಿನ ಚರ್ಮ ಸಡಿಲ ಆಗಿ ಪೆಟ್ಟು ಸತ್ತು ಹೋಗುತ್ತೆ. ಹಗ್ಗ ಬಿಗಿದು, ಕೆಂಡದಿಂದ ದೂರ ಹಿಡಿದು ಹದವಾಗಿ ಕಾಯಿಸಿದ್ರೂ ಸ್ವಲ್ಪ ಹೊತ್ತಷ್ಟೇ. ಮೇಲೆ ತಗಡಿನ ಶೀಟ್ ಇದ್ರೆ ಪ್ರತಿ ಮೈಕ್‌ನಲ್ಲೂ ಮಳೆ. ಹಾಗಾಗಿ ಮಳೆಗಾಲದಲ್ಲಿ ಗಿಟಾರ್, ಬೇಸ್ ಮಾತ್ರ ಡಿಐ ಬಾಕ್ಸ್ (ಮೈಕ್ ಇಲ್ಲದೆ ಸಿಗ್ನಲ್ ಕಳಿಸೋ ಪೆಟ್ಟಿಗೆ) ಮೂಲಕ ನೇರ ರೆಕಾರ್ಡ್ ಮಾಡಿ. ಆಂಪ್ ಬೇಕಿದ್ರೆ ಅದೇ ಸಿಗ್ನಲನ್ನ ಆಮೇಲೆ ಆಂಪ್‌ಗೆ ಕಳಿಸಿ ಮೈಕ್ ಇಟ್ಟು ಹಿಡೀಬಹುದು. ಡೊಳ್ಳು, ಡ್ರಮ್ಸ್, ಹಾಡಿಕೆ ಡಿಸೆಂಬರ್‌ಗೆ ಇಟ್ಕೊಳ್ಳಿ. ಎಲ್ಲಾ ಒಂದೇ ಕ್ಲಿಕ್ ಟ್ರ್ಯಾಕ್ (ತಾಳಕ್ಕೆ ಟಿಕ್ ಟಿಕ್ ಅನ್ನೋ ಸದ್ದು) ಮೇಲೆ ಇದ್ರೆ ತಿಂಗಳುಗಳ ಅಂತರ ಗೊತ್ತಾಗಲ್ಲ. ಕಂಪ್ಯೂಟರ್‌ಗೆ ಯುಪಿಎಸ್ ಇಲ್ಲದೆ ಕೂರಬೇಡಿ, ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ.

ಇನ್ನು ಸ್ಟೇಜ್. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಹಳೇ ಹಾಡು ಕೇಳೇ ಕೇಳ್ತಾರೆ. ಡ್ರಾಪ್ ಸಿ ಗಿಟಾರಲ್ಲೇ ಅದನ್ನ ನುಡಿಸಿದ್ರೆ ಶ್ರುತಿ ಇಳಿದು, ಪಲ್ಲವಿ ಸಲೀಸಾದ್ರೂ ಚರಣದಲ್ಲಿ ಗಾಯಕರ ದನಿ ಕೆಳಗೆ ಹೂತು ಹೋಗುತ್ತೆ. ಹಳೇ ಟ್ಯೂನಿಂಗ್‌ನ ಇನ್ನೊಂದು ಗಿಟಾರ್, ಇನ್ನೊಂದು ಬೇಸ್ ಪಕ್ಕದಲ್ಲಿರಲಿ. ಹಳೇ ಹಾಡುಗಳನ್ನ ಒಟ್ಟಿಗೆ ಇಟ್ರೆ ಕಾರ್ಯಕ್ರಮದಲ್ಲಿ ಗಿಟಾರ್ ಬದಲಾಯಿಸೋದು ಎರಡೇ ಸಲ.